ಸಿಬಿಸಿ ರಿಪೋರ್ಟ್ ಕೈಗೆ ಬಂತು, ಈಗ ಓದುವುದು ಹೇಗೆ?

ಸಿಬಿಸಿ ಅಂದರೆ ಕಂಪ್ಲೀಟ್ ಬ್ಲಡ್ ಕೌಂಟ್, ರಕ್ತದ ಕಣಗಳನ್ನು ಎಣಿಸುವ ಪರೀಕ್ಷೆ. ಅದರ ರಿಪೋರ್ಟ್ ಫೋನಿಗೆ ಬಂದ ತಕ್ಷಣ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಯಾವುದು ದಪ್ಪಕ್ಷರದಲ್ಲಿದೆ, ಯಾವುದರ ಪಕ್ಕ ‘ಹೈ’ ಅಂತಲೋ ‘ಲೋ’ ಅಂತಲೋ ಬರೆದಿದೆ ಅಂತ ಹುಡುಕುವುದು. ಒಂದು ಸಿಕ್ಕಿತು ಅಂದರೆ ಎದೆ ಧಸಕ್ಕೆನ್ನುತ್ತದೆ. ಆ ಒಂದು ಹೆಸರು ಹಿಡಿದು ರಾತ್ರಿಯೆಲ್ಲ ಇಂಟರ್‌ನೆಟ್ ಜಾಲಾಡಿ, ಬೆಳಗಾಗುವ ಹೊತ್ತಿಗೆ ಇಲ್ಲದ ಕಾಯಿಲೆಗಳನ್ನೆಲ್ಲ ತಲೆಗೆ ಹಚ್ಚಿಕೊಂಡು ಕೂತಿರುತ್ತೇವೆ.

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ದಿನವೂ ಇಂಥ ರಿಪೋರ್ಟ್‌ಗಳ ನಡುವೆಯೇ ಇರುತ್ತೇನೆ. ಇಷ್ಟು ವರ್ಷ ನೋಡಿದ ಮೇಲೆ ಹೇಳುವುದು ಇಷ್ಟೇ: ಸಿಬಿಸಿಯಲ್ಲಿ ಯಾವ ಅಂಕಿಯನ್ನೂ ಒಂಟಿಯಾಗಿ ಓದಬೇಡಿ. ಪಕ್ಕದ ಅಂಕಿಯ ಜೊತೆ, ನಿಮ್ಮದೇ ಹಳೆಯ ರಿಪೋರ್ಟ್ ಜೊತೆ, ಮೈಯಲ್ಲಿ ಈಗ ಏನಾಗುತ್ತಿದೆ ಅನ್ನುವುದರ ಜೊತೆ ಇಟ್ಟು ಓದಿ. ಹಾಗೆ ಓದಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಇನ್ನು ಕೆಲವೊಮ್ಮೆ, ಯಾರೂ ಗಮನಿಸದೆ ಬಿಟ್ಟ ಸಂಗತಿ ಕಣ್ಣಿಗೆ ಬೀಳುತ್ತದೆ.

ಅಂಕಿಗಳಿಗೆ ಹೋಗುವ ಮೊದಲು ಮೇಲಿನ ಸಾಲುಗಳನ್ನು ನೋಡಿ. ಹೆಸರು, ವಯಸ್ಸು, ಹೆಣ್ಣೋ ಗಂಡೋ, ರಕ್ತ ತೆಗೆದ ದಿನ ಮತ್ತು ಸಮಯ. ಸುಮ್ನೆ ಹೇಳುತ್ತಿಲ್ಲ. ವಯಸ್ಸು ತಪ್ಪಾದರೆ, ಹೆಣ್ಣು ಗಂಡು ಅದಲುಬದಲಾದರೆ, ಕಂಪ್ಯೂಟರ್ ಬೇರೆಯವರ ಮಿತಿಯನ್ನು ನಿಮ್ಮ ಅಂಕಿಯ ಪಕ್ಕ ಇಟ್ಟುಬಿಡುತ್ತದೆ. ಆಮೇಲೆ ಅಳತೆಯ ಕಾಲಂ. ಒಂದು ಕಡೆ ಪ್ಲೇಟ್‌ಲೆಟ್ 2.5 ಲಕ್ಷ ಅಂತ ಇರುತ್ತದೆ, ಇನ್ನೊಂದು ಕಡೆ ಬರೀ 250 ಅಂತ ಇರುತ್ತದೆ. ಎರಡೂ ಒಂದೇ. ಎರಡನೆಯದು ಸಾವಿರದ ಲೆಕ್ಕದಲ್ಲಿದೆ ಅಷ್ಟೇ. ಇದನ್ನು ಗಮನಿಸದೆ ‘ಪ್ಲೇಟ್‌ಲೆಟ್ ಬರೀ 250 ಇದೆಯಂತೆ’ ಅಂತ ಅಳುತ್ತಾ ಬಂದವರನ್ನು ನಾನೇ ಕೂರಿಸಿ ಸಮಾಧಾನ ಮಾಡಿದ್ದೇನೆ.

ಇನ್ನೊಂದು ವಿಷಯ ಹೇಳಲೇಬೇಕು. ಪಕ್ಕದಲ್ಲಿ ಅಚ್ಚಾಗಿರುವ ಮಿತಿ ಎಲ್ಲಿಂದ ಬಂತು? ಆರೋಗ್ಯವಾಗಿರುವ ಜನರ ರಕ್ತ ತೆಗೆದು, ಅವರಲ್ಲಿ ನಡುವಿನ ಶೇ. 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದನ್ನೇ ಸಾಮಾನ್ಯ ಮಿತಿ ಅಂತ ಬರೆಯುತ್ತಾರೆ. ಅಂದರೆ ಚೆನ್ನಾಗಿಯೇ ಇರುವ ನೂರು ಜನರಲ್ಲಿ ಐದು ಜನ ಆ ಗೆರೆಯ ಆಚೆಗೇ ಇರುತ್ತಾರೆ. ಒಂದು ಸಿಬಿಸಿಯಲ್ಲಿ ಇಪ್ಪತ್ತರ ಹತ್ತಿರ ಅಂಕಿಗಳು ಇರುವಾಗ, ಯಾವುದೋ ಒಂದು ಚೂರು ಆಚೀಚೆ ಆಗುವುದು ಮಾಮೂಲು. ಗೆರೆಗೆ ತಾಗಿಕೊಂಡಿರುವ ಒಂದು ‘ಲೋ’ ಬೇರೆ, ಗೆರೆಯಿಂದ ದೂರ ಹೋಗಿರುವ ‘ಲೋ’ ಬೇರೆ. ಮಿತಿಗಳೂ ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಬದಲಾಗುತ್ತವೆ, ಹಾಗಾಗಿ ನಾನು ಇಲ್ಲಿ ಹೇಳುವ ಅಂಕಿಗಳನ್ನು ಅಂದಾಜಿಗೆ ಇಟ್ಟುಕೊಂಡು, ನಿಮ್ಮ ಕಾಗದದಲ್ಲಿರುವುದನ್ನೇ ನಂಬಿ.

ಈಗ ಒಳಗೆ ಹೋಗೋಣ. ಎಷ್ಟು ಉದ್ದದ ರಿಪೋರ್ಟ್ ಆದರೂ ಅದರಲ್ಲಿರುವುದು ಮೂರೇ ಗುಂಪು. ಆಮ್ಲಜನಕ ಹೊರುವ ಕೆಂಪು ಕಣಗಳು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್‌ಗಳು. ಮೂರೂ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ 7ರಿಂದ 10 ದಿನ, ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣ ರಕ್ತದಲ್ಲಿರುವುದು ಹೆಚ್ಚೆಂದರೆ ಒಂದು ದಿನದಷ್ಟು. ಅದಕ್ಕೇ ಬಿಳಿ ಕಣದ ಅಂಕಿ ಇವತ್ತಿನಿಂದ ನಾಳೆಗೆ ಬದಲಾಗುತ್ತದೆ, ಹಿಮೋಗ್ಲೋಬಿನ್ ಮೇಲೇರಲು ವಾರಗಟ್ಟಲೆ ಬೇಕು.

ಹಿಮೋಗ್ಲೋಬಿನ್‌ನಿಂದ ಶುರು ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 100 ಮಿ.ಲೀ. ರಕ್ತದಲ್ಲಿ ಗಂಡಸರಿಗೆ 13 ಗ್ರಾಂಗಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಗರ್ಭಿಣಿಯರಿಗೆ ಗೆರೆ ಸ್ವಲ್ಪ ಕೆಳಗೆ, ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11. ಬಸುರಿನಲ್ಲಿ ರಕ್ತದ ನೀರಿನಂಶ ಜಾಸ್ತಿಯಾಗಿ ರಕ್ತ ತೆಳುವಾಗುತ್ತದೆ, ಅದು ಸಹಜ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಇದಕ್ಕೆ ಉಲ್ಟಾ. ಇರುವುದಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ತೋರಿಸುತ್ತದೆ. ಸಿಗರೇಟು ಸೇದುವವರಿಗೆ, ಎತ್ತರದ ಬೆಟ್ಟದ ಮೇಲೆ ವಾಸಿಸುವವರಿಗೆ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಗೊತ್ತಾದ ತಕ್ಷಣ ಬಹಳ ಜನ ಕಾಗದ ಮಡಚಿ ಕಬ್ಬಿಣದ ಮಾತ್ರೆ ತರಲು ಹೋಗುತ್ತಾರೆ. ದಯವಿಟ್ಟು ನಿಲ್ಲಿ. ನಿಜವಾದ ಕಥೆ ಇರುವುದು ಅದರ ಕೆಳಗಿನ ಸಾಲುಗಳಲ್ಲಿ. ಮೊದಲು ಎಂಸಿವಿ ನೋಡಿ. ಒಂದು ಕೆಂಪು ಕಣ ಸರಾಸರಿ ಎಷ್ಟು ದೊಡ್ಡದಿದೆ ಅನ್ನುವುದೇ ಎಂಸಿವಿ. 80ರಿಂದ 100ರ ನಡುವೆ ಇದ್ದರೆ ಸರಿಯಾದ ಗಾತ್ರ. ಆಮೇಲೆ ಆರ್‌ಡಿಡಬ್ಲ್ಯೂ. ಕಣಗಳೆಲ್ಲ ಒಂದೇ ಸಮ ಇವೆಯೋ, ಒಂದು ದೊಡ್ಡದು ಒಂದು ಚಿಕ್ಕದು ಅಂತ ಏರುಪೇರಾಗಿವೆಯೋ ಅಂತ ಅದು ಹೇಳುತ್ತದೆ. ಸುಮಾರು 14ರವರೆಗೆ ಸರಿ. ಮೂರನೆಯದು ಆರ್‌ಬಿಸಿ ಎಣಿಕೆ, ಅಂದರೆ ಕೆಂಪು ಕಣಗಳು ಎಷ್ಟಿವೆ ಅನ್ನುವುದು. ಈ ಮೂರನ್ನು ಹಿಮೋಗ್ಲೋಬಿನ್ ಜೊತೆ ಇಟ್ಟರೆ ರಕ್ತಹೀನತೆ ಯಾವ ಬಗೆಯದು ಅನ್ನುವ ಸುಳಿವು ಸಿಗುತ್ತದೆ.

ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಮೊದಲನೆಯದು: ಹಿಮೋಗ್ಲೋಬಿನ್ 9.4, ಆರ್‌ಬಿಸಿ 4.3, ಎಂಸಿವಿ 70, ಆರ್‌ಡಿಡಬ್ಲ್ಯೂ 18.5. ಕಣ ಚಿಕ್ಕದಾಗಿದೆ, ಗಾತ್ರ ಏರುಪೇರಾಗಿದೆ. ಕಬ್ಬಿಣಾಂಶದ ಕೊರತೆ ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಎರಡನೆಯದು: ಹಿಮೋಗ್ಲೋಬಿನ್ 10.8, ಆರ್‌ಬಿಸಿ 5.6, ಎಂಸಿವಿ 62, ಆರ್‌ಡಿಡಬ್ಲ್ಯೂ 14.5. ಇಲ್ಲಿ ಏನೋ ವಿಚಿತ್ರ ಇದೆ, ಅಲ್ವಾ? ಹಿಮೋಗ್ಲೋಬಿನ್ ಕಡಿಮೆ, ಆದರೆ ಕೆಂಪು ಕಣಗಳ ಎಣಿಕೆ ಜಾಸ್ತಿ. ಕಣಗಳು ತುಂಬಾ ಚಿಕ್ಕವು, ಆದರೆ ಹೆಚ್ಚುಕಡಿಮೆ ಒಂದೇ ಸಮ. ಈಗ ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ. ಮೊದಲನೆಯದರಲ್ಲಿ 70 ಭಾಗಿಸು 4.3, ಅಂದರೆ 16ರ ಮೇಲೆ. ಎರಡನೆಯದರಲ್ಲಿ 62 ಭಾಗಿಸು 5.6, ಅಂದರೆ 11. ಇದಕ್ಕೆ ಮೆಂಟ್ಜರ್ ಸೂಚ್ಯಂಕ ಅಂತ ಹೆಸರು, 1973ರಿಂದ ಬಳಕೆಯಲ್ಲಿದೆ. 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆಗೆ, 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಬರುವ ಕಾಯಿಲೆ) ವಾಹಕ ಇರಬಹುದೇ ಅನ್ನುವ ಕಡೆಗೆ ಕೈ ತೋರಿಸುತ್ತದೆ. ಇದು ಬರೀ ಸುಳಿವು, ತೀರ್ಪಲ್ಲ. ಎರಡೂ ಒಬ್ಬರಲ್ಲೇ ಇದ್ದಾಗ ಈ ಲೆಕ್ಕ ದಾರಿ ತಪ್ಪಿಸುವುದೂ ಉಂಟು.

ಎರಡನೆಯ ರಿಪೋರ್ಟ್‌ನ ಹಾಗೆಯೇ ಇದ್ದ ಒಬ್ಬಳು ಹುಡುಗಿಯನ್ನು ನಾನು ಮರೆಯಲಾರೆ. ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದ್ದಳು. ಹೊಟ್ಟೆ ಕೆಟ್ಟಿತ್ತು, ಮಲಬದ್ಧತೆ, ಅಂಕಿ ಮಾತ್ರ 10.8ರಿಂದ ಕದಲಿರಲಿಲ್ಲ. ‘ನೀನು ಸರಿಯಾಗಿ ಮಾತ್ರೆ ತಗೊಳ್ತಿಲ್ಲ’ ಅಂತ ಎಲ್ಲರ ಕೈಲೂ ಬೈಸಿಕೊಂಡಿದ್ದಳು. ಒಬ್ಬರೂ ಆರ್‌ಬಿಸಿ ಸಾಲು ನೋಡಿರಲಿಲ್ಲ. ಫೆರಿಟಿನ್ ಪರೀಕ್ಷೆ ಮಾಡಿದಾಗ ಮೈಯಲ್ಲಿ ಕಬ್ಬಿಣ ಬೇಕಾದಷ್ಟು ಇತ್ತು. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಬೀಟಾ ಥಲಸ್ಸೇಮಿಯಾ ವಾಹಕಿ ಅಂತ ಗೊತ್ತಾಯಿತು. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದಕ್ಕೇ ಇದನ್ನು ಮದುವೆ, ಮಕ್ಕಳು ಅನ್ನುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಆ ಹುಡುಗಿ ಅತ್ತಿದ್ದು ಕಾಯಿಲೆ ಇದೆ ಅಂತಲ್ಲ, ತನ್ನ ತಪ್ಪಿಲ್ಲ ಅಂತ ಕೊನೆಗೂ ಒಬ್ಬರು ಹೇಳಿದರು ಅಂತ.

ಕಬ್ಬಿಣದ ಕೊರತೆಯೇ ಅಂತ ಗಟ್ಟಿಯಾದರೂ ಕೆಲಸ ಮುಗಿಯಲಿಲ್ಲ. ಕಬ್ಬಿಣ ಎಲ್ಲಿ ಹೋಗುತ್ತಿದೆ ಅಂತ ಕೇಳಬೇಕು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದೆಯೇ? ಮೂಲವ್ಯಾಧಿ ಇದೆಯೇ? ನೋವಿನ ಮಾತ್ರೆ ಹೆಚ್ಚು ತಗೊಂಡು ಹೊಟ್ಟೆಯಲ್ಲಿ ಹುಣ್ಣಾಗಿದೆಯೇ? ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಬಂದರೆ ಮಾತ್ರೆ ಕೊಟ್ಟು ಸುಮ್ಮನಾಗುವಂತಿಲ್ಲ. ಹೊಟ್ಟೆ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು, ಅದರ ಹಿಂದೆ ಕ್ಯಾನ್ಸರ್ ಕೂಡ ಇರಬಹುದು. ಇದನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಕೇಳಿ.

ಎಂಸಿವಿ 100ರ ಮೇಲೆ ಹೋದರೆ ದಾರಿ ಬೇರೆ. ಬಿ12 ಅಥವಾ ಫೋಲೇಟ್ ಕೊರತೆ, ಮದ್ಯ, ಲಿವರ್ ತೊಂದರೆ, ಥೈರಾಯ್ಡ್ ಕಡಿಮೆ ಇರುವುದು, ಮೆಥೊಟ್ರೆಕ್ಸೇಟ್‌ನಂಥ ಕೆಲವು ಔಷಧಿಗಳು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನು ಬಹಳ ವರ್ಷದಿಂದ ತಗೊಳ್ಳುತ್ತಿರುವವರಿಗೆ ಬಿ12 ಕಡಿಮೆಯಾಗುವುದುಂಟು. ಕೈಕಾಲು ಜೋಮು, ಪಾದದಲ್ಲಿ ಉರಿ ಇದ್ದರೆ ಬಿ12 ಪರೀಕ್ಷೆ ತಡ ಮಾಡಬೇಡಿ, ನರಗಳಿಗೆ ಆದ ಹಾನಿ ತಡವಾದರೆ ಪೂರ್ತಿ ವಾಸಿಯಾಗದೇ ಹೋಗಬಹುದು. ಕಬ್ಬಿಣ ಮತ್ತು ಬಿ12 ಎರಡೂ ಒಟ್ಟಿಗೆ ಕಡಿಮೆಯಾದರೆ ಚಿಕ್ಕ ಕಣ, ದೊಡ್ಡ ಕಣ ಎರಡೂ ಸೇರಿ ಸರಾಸರಿ ಎಂಸಿವಿ 88 ಅಂತ ನೀಟಾಗಿ ಬರುತ್ತದೆ. ಆಗ ಗುಟ್ಟು ಬಿಟ್ಟುಕೊಡುವುದು ಏರಿ ಕೂತ ಆರ್‌ಡಿಡಬ್ಲ್ಯೂ.

ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವುದು. ಹಿಮೋಗ್ಲೋಬಿನ್‌ನ ಮೂರು ಪಟ್ಟು ಸುಮಾರಾಗಿ ಪಿಸಿವಿ ಆಗಬೇಕು. 12 ಇದ್ದರೆ 36ರ ಆಸುಪಾಸು. ಎಂಸಿವಿ ಸರಿಯಿದ್ದೂ ಈ ಲೆಕ್ಕ ತೀರಾ ತಾಳೆಯಾಗದಿದ್ದರೆ ನಾವು ಲ್ಯಾಬ್‌ನಲ್ಲಿ ಸ್ಯಾಂಪಲ್ ಅನ್ನೇ ಅನುಮಾನಿಸಿ ಮತ್ತೊಮ್ಮೆ ಮಷೀನಿಗೆ ಹಾಕುತ್ತೇವೆ.

ಇನ್ನು ಬಿಳಿ ಕಣ. ಒಟ್ಟು ಎಣಿಕೆ ದೊಡ್ಡವರಿಗೆ 4,000ದಿಂದ 11,000ದ ಒಳಗೆ. ಅದರ ಕೆಳಗೆ ಐದು ಬಗೆಯವು ಶೇಕಡಾ ಲೆಕ್ಕದಲ್ಲಿ ಇರುತ್ತವೆ: ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್. ಜನ ಎಡವುವುದು ಈ ಶೇಕಡಾದಲ್ಲೇ. ಒಂದು ಉದಾಹರಣೆ ನೋಡಿ. ಒಟ್ಟು ಎಣಿಕೆ 3,000, ಲಿಂಫೋಸೈಟ್ ಶೇ. 60, ನ್ಯೂಟ್ರೋಫಿಲ್ ಶೇ. 30. ಕಾಗದದಲ್ಲಿ ‘ಲಿಂಫೋಸೈಟ್ ಹೈ’ ಅಂತ ಬರುತ್ತದೆ. ಆದರೆ 3,000ದಲ್ಲಿ ಶೇ. 60 ಅಂದರೆ 1,800, ಅದು ಸರಿಯಾಗಿಯೇ ಇದೆ. ನ್ಯೂಟ್ರೋಫಿಲ್ 900 ಮಾತ್ರ, ಇರಬೇಕಾದ್ದು ಕಡಿಮೆಯೆಂದರೂ 2,000ದ ಹತ್ತಿರ. ಅಂದರೆ ಇಲ್ಲಿ ಯಾವುದೂ ಜಾಸ್ತಿಯಾಗಿಲ್ಲ, ಒಂದು ಕಡಿಮೆಯಾದದ್ದಕ್ಕೆ ಇನ್ನೊಂದು ಜಾಸ್ತಿಯಾದಂತೆ ಕಾಣುತ್ತಿದೆ. ಆದ್ದರಿಂದ ‘ಆಬ್ಸೊಲ್ಯೂಟ್’ ಅಂತ ಬರೆದಿರುವ ಸಾಲುಗಳನ್ನೇ ನೋಡಿ. ಇಲ್ಲದಿದ್ದರೆ ಒಟ್ಟು ಎಣಿಕೆಯನ್ನು ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ, ಫೋನಿನಲ್ಲೇ ಆಗುತ್ತದೆ. ಇಯೋಸಿನೋಫಿಲ್ ಕೂಡ ಹಾಗೇ. 5,000ದಲ್ಲಿ ಶೇ. 8 ಅಂದರೆ 400, ತಲೆ ಕೆಡಿಸಿಕೊಳ್ಳಬೇಡಿ. 12,000ದಲ್ಲಿ ಶೇ. 8 ಅಂದರೆ 960, ಆಗ ಅಲರ್ಜಿ, ಆಸ್ತಮಾ, ಹೊಟ್ಟೆಹುಳು, ಯಾವುದಾದರೂ ಔಷಧಿ ಇವುಗಳಲ್ಲಿ ಯಾವುದು ಅಂತ ಹುಡುಕಬೇಕು.

ನ್ಯೂಟ್ರೋಫಿಲ್ ಏರಿದರೆ ಬ್ಯಾಕ್ಟೀರಿಯಾ ಸೋಂಕು ಅಂತ ಎಲ್ಲರಿಗೂ ಬಾಯಿಪಾಠ. ಅದಷ್ಟೇ ಅಲ್ಲ. ಸ್ಟಿರಾಯ್ಡ್ ತಗೊಂಡರೂ ಏರುತ್ತದೆ, ಆಪರೇಷನ್ ಆದ ಮೇಲೆ, ಪೆಟ್ಟು ಬಿದ್ದಾಗ, ಬಸುರಿನಲ್ಲಿ, ಜೋರು ಓಡಿ ಬಂದು ರಕ್ತ ಕೊಟ್ಟರೂ ಏರುತ್ತದೆ. ಹಾಗಾಗಿ 12,000 ನೋಡಿ ನೀವೇ ಆ್ಯಂಟಿಬಯೋಟಿಕ್ ನುಂಗಬೇಡಿ. ವೈರಲ್ ಜ್ವರದಲ್ಲಿ ಒಟ್ಟು ಎಣಿಕೆ ಇಳಿಯುವುದೂ ಮಾಮೂಲು, ಜ್ವರ ಬಿಟ್ಟ ಮೇಲೆ ತಾನಾಗಿ ಮೇಲೇಳುತ್ತದೆ.

ಇಲ್ಲಿ ಎರಡು ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ಒಂದು, ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದು ಜ್ವರವೂ ಇದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಕಿಮೋ ನಡೆಯುತ್ತಿರುವವರ ಮನೆಯವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಇನ್ನೊಂದು, ರಿಪೋರ್ಟ್‌ನ ಕೊನೆಯಲ್ಲಿ ‘ಬ್ಲಾಸ್ಟ್’ ಕಣಗಳು (ಮಜ್ಜೆಯಲ್ಲೇ ಇರಬೇಕಾದ, ಇನ್ನೂ ಬೆಳೆಯದ ಕಣಗಳು) ಕಂಡಿವೆ ಅಂತ ಬರೆದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ, ಮೇಲಿನ ಅಂಕಿಗಳು ಹೇಗೇ ಇರಲಿ.

ಪ್ಲೇಟ್‌ಲೆಟ್ 1.5 ಲಕ್ಷದಿಂದ 4.5 ಲಕ್ಷ ಅಂತ ಇಟ್ಟುಕೊಳ್ಳಿ. ಈ ಅಂಕಿಯಷ್ಟು ಹೆದರಿಸುವುದು ಇನ್ನೊಂದಿಲ್ಲ. ಇಷ್ಟು ಸುಲಭವಾಗಿ ಸುಳ್ಳು ಹೇಳುವುದೂ ಇನ್ನೊಂದಿಲ್ಲ. ಒಂದು ದಿನ ಬೆಳಿಗ್ಗೆ ಒಂದು ಸ್ಯಾಂಪಲ್‌ನಲ್ಲಿ ಪ್ಲೇಟ್‌ಲೆಟ್ 42,000 ಬಂತು. ರಕ್ತ ಕೊಟ್ಟವರು ಸುಮ್ನೆ ವರ್ಷದ ತಪಾಸಣೆಗೆ ಬಂದಿದ್ದವರು, ಜ್ವರ ಇಲ್ಲ, ಎಲ್ಲೂ ರಕ್ತ ಸೋರಿಲ್ಲ. ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಸ್ಮಿಯರ್‌ನ, ಅಂದರೆ ಸ್ಲೈಡ್ ಮೇಲೆ ತೆಳುವಾಗಿ ಹರಡಿದ ರಕ್ತದ, ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ನೇರಳೆ ಬಣ್ಣದ ಗೊಂಚಲು ಗೊಂಚಲಾಗಿ ಅಂಟಿಕೊಂಡು ಕೂತಿದ್ದವು. ಸಿಬಿಸಿಗೆ ರಕ್ತ ಹಿಡಿಯುವ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಇರುತ್ತದೆ. ಕೆಲವರ ರಕ್ತದಲ್ಲಿ ಆ ಇಡಿಟಿಎ ತಾಗಿದರೆ ಪ್ಲೇಟ್‌ಲೆಟ್‌ಗಳು ಟ್ಯೂಬ್ ಒಳಗೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಷೀನು ಒಂದು ಗೊಂಚಲನ್ನು ಪ್ಲೇಟ್‌ಲೆಟ್ ಅಂತ ಗುರುತಿಸುವುದೇ ಇಲ್ಲ. ಅವರನ್ನು ಮತ್ತೆ ಕರೆದು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ತೆಗೆದೆವು. ಬಂದದ್ದು 2 ಲಕ್ಷದ ಮೇಲೆ. ನಿಮಗೆ ಏನೂ ತೊಂದರೆ ಇಲ್ಲದೆ ಪ್ಲೇಟ್‌ಲೆಟ್ ಏಕಾಏಕಿ ಕಡಿಮೆ ಬಂದರೆ ‘ಸ್ಮಿಯರ್ ನೋಡಿದ್ದೀರಾ, ಕ್ಲಂಪ್ ಇದೆಯಾ’ ಅಂತ ಲ್ಯಾಬ್‌ನವರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ನಿಜವಾಗಿಯೇ ಕಡಿಮೆ ಇದ್ದಾಗ ಎಷ್ಟಕ್ಕೆ ಹೆದರಬೇಕು? 50,000ದ ಮೇಲಿದ್ದರೆ ತಾನಾಗಿ ರಕ್ತ ಸೋರುವುದು ಅಪರೂಪ. 20,000ದ ಕೆಳಗೆ ಅಪಾಯ ಹೆಚ್ಚುತ್ತದೆ, 10,000ದ ಕೆಳಗೆ ಇನ್ನೂ ಜಾಸ್ತಿ. ಅಂಕಿಗಿಂತ ಮುಖ್ಯ ಮೈ ಏನು ಹೇಳುತ್ತಿದೆ ಅನ್ನುವುದು: ವಸಡಿನಲ್ಲಿ ರಕ್ತ, ಮೂಗಿನಲ್ಲಿ ರಕ್ತ, ಪೆಟ್ಟು ಬೀಳದೆಯೇ ಚರ್ಮ ನೀಲಿಗಟ್ಟುವುದು, ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಕಪ್ಪಗಿನ ಮಲ. ಡೆಂಗ್ಯೂನಲ್ಲಂತೂ ಎಲ್ಲರೂ ಪ್ಲೇಟ್‌ಲೆಟ್ ಒಂದನ್ನೇ ಎಣಿಸುತ್ತಾ ಕೂರುತ್ತಾರೆ. ಅದರ ಜೊತೆ ಪಿಸಿವಿಯನ್ನೂ ನೋಡಿ. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ, ಅಂದರೆ ಮೊದಲು 38 ಇದ್ದದ್ದು 46 ಆದರೆ, ರಕ್ತದ ನೀರಿನಂಶ ನಾಳದಿಂದ ಹೊರಗೆ ಸೋರುತ್ತಿದೆ ಅಂತ ಅರ್ಥ. ಡೆಂಗ್ಯೂನಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ಸೋರಿಕೆಯೇ. ಅದೂ ಜ್ವರ ಬಿಡುವ ಹೊತ್ತಿನಲ್ಲಿ. ‘ಜ್ವರ ಬಿಟ್ಟಿತು, ಸದ್ಯ’ ಅಂತ ಮನೆಯವರು ನಿಟ್ಟುಸಿರು ಬಿಡುವ ಆ ಒಂದೆರಡು ದಿನವೇ ಕಣ್ಣಿಟ್ಟು ಕಾಯಬೇಕಾದ ದಿನಗಳು. ಹೊಟ್ಟೆನೋವು, ನಿಲ್ಲದ ವಾಂತಿ, ತೀರಾ ಮಂಕು ಇದ್ದರೆ ಆಸ್ಪತ್ರೆಗೆ ಹೊರಡಿ.

ಪ್ಲೇಟ್‌ಲೆಟ್ ಜಾಸ್ತಿ ಬರುವುದು ಹೆಚ್ಚಾಗಿ ಸೋಂಕು, ಉರಿಯೂತ ಅಥವಾ ಕಬ್ಬಿಣದ ಕೊರತೆಯಿಂದ. ಕಾರಣ ಹೋದರೆ ಅದೂ ಇಳಿಯುತ್ತದೆ. ತಿಂಗಳುಗಟ್ಟಲೆ ಇಳಿಯದಿದ್ದರೆ ರಕ್ತರೋಗ ತಜ್ಞರನ್ನು ನೋಡಿ.

ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಕಡಿಮೆಯಾದರೆ ಅದು ಬೇರೆಯದೇ ಮಾತು. ಮೊದಲು ಕೇಳಬೇಕಾದ್ದು, ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದರೇ ಅಂತ. ಹಾಗೆ ತೆಗೆದರೆ ಡ್ರಿಪ್‌ನ ನೀರು ಸೇರಿ ಎಲ್ಲವೂ ಕಡಿಮೆ ಕಾಣುತ್ತದೆ. ಹಾಗಾಗಿಲ್ಲ ಅಂದರೆ ಬಿ12 ಕೊರತೆಯಿಂದ ಹಿಡಿದು ಮಜ್ಜೆಯ ಕಾಯಿಲೆಯವರೆಗೆ ಕಾರಣ ಯಾವುದೂ ಇರಬಹುದು, ವೈದ್ಯರು ಬೇಗ ನೋಡಲೇಬೇಕು.

ಮಕ್ಕಳ ರಿಪೋರ್ಟ್‌ಗೆ ದೊಡ್ಡವರ ಮಿತಿ ಹಾಕಬೇಡಿ. ಹುಟ್ಟಿದ ಮಗುವಿಗೆ ಹಿಮೋಗ್ಲೋಬಿನ್ ತುಂಬಾ ಜಾಸ್ತಿ ಇದ್ದು ಎರಡು ಮೂರು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಬಿಳಿ ಕಣ ಹೆಚ್ಚಿರುತ್ತದೆ, ನಾಲ್ಕೈದು ವರ್ಷದವರೆಗೆ ಲಿಂಫೋಸೈಟ್‌ಗಳದ್ದೇ ಮೇಲುಗೈ.

ಮತ್ತೆ ಪರೀಕ್ಷೆ ಮಾಡಿಸುವಾಗ ಆದಷ್ಟು ಅದೇ ಲ್ಯಾಬ್‌ಗೆ ಹೋಗಿ, ಆಗ ಹೋಲಿಕೆ ಸರಿಯಾಗುತ್ತದೆ. ಸಿಬಿಸಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಹಳೆಯ ರಿಪೋರ್ಟ್‌ಗಳನ್ನು ದಿನಾಂಕದ ಪ್ರಕಾರ ಒಂದೇ ಕಡೆ ಇಟ್ಟುಕೊಂಡು, ವೈದ್ಯರ ಹತ್ತಿರ ಹೋಗುವಾಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯ ಜೊತೆ ಒಯ್ಯಿರಿ. ಹಿಮೋಗ್ಲೋಬಿನ್ ಮೂರು ವರ್ಷದಿಂದ 11.6 ಇರುವುದಕ್ಕೂ, ಆರು ತಿಂಗಳಲ್ಲಿ 14ರಿಂದ 11.6ಕ್ಕೆ ಇಳಿದಿರುವುದಕ್ಕೂ ಅಜಗಜಾಂತರ. ಕಬ್ಬಿಣದ ಮಾತ್ರೆ ಶುರು ಮಾಡಿ ನಾಲ್ಕನೇ ದಿನಕ್ಕೇ ಸಿಬಿಸಿ ಮಾಡಿಸಿ ಬೇಜಾರಾಗಬೇಡಿ. ಮೂರು ನಾಲ್ಕು ವಾರ ಕೊಡಿ, ಅಷ್ಟರಲ್ಲಿ ಸುಮಾರು 2 ಗ್ರಾಂ ಏರಬೇಕು. ಏರಲಿಲ್ಲ ಅಂದರೆ ಮಾತ್ರೆಯ ಡೋಸ್ ಹೆಚ್ಚಿಸುವ ಮೊದಲು ಆ ಹುಡುಗಿಯ ರಿಪೋರ್ಟ್‌ನ ಹಾಗೆ ಆರ್‌ಬಿಸಿ ಸಾಲಿಗೆ ಹೋಗಿ ನೋಡಿ. ಏರಿತು ಅಂದರೆ ಅಂಕಿ ಸರಿಹೋದ ದಿನವೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರು ಇನ್ನೂ ಮೂರು ತಿಂಗಳು ಮುಂದುವರಿಸಿ ಅನ್ನುವುದು ಒಳಗಿನ ದಾಸ್ತಾನು ತುಂಬಲಿ ಅಂತ.